ಬೆಕ್ಕು ಊಟ ಬಿಟ್ಟ ದಿನ ಇನ್ಸುಲಿನ್ ಎಷ್ಟು?

ಕಾಸರಗೋಡು: ‘ಎಂತ ಮಾರಾಯ್ರೆ, ಬೆಕ್ಕಿಗೂ ಶುಗರ್ ಉಂಟಾ?’ ಬೆಕ್ಕಿಗೆ ಇನ್ಸುಲಿನ್ ಕೊಡುವ ಮನೆಯವರು ನೆರೆಕರೆಯವರಿಂದ ಕೇಳಬೇಕಾಗುವ ಮೊದಲ ಪ್ರಶ್ನೆ ಇದು. ಉಂಟು. ಮನುಷ್ಯರ ಸಕ್ಕರೆ ಕಾಯಿಲೆ ಬೆಕ್ಕಿಗೂ ಬರುತ್ತದೆ. ನಡುವಯಸ್ಸು ದಾಟಿದ, ಮೈ ಬೆಳೆಸಿದ, ಸಂತಾನಹರಣ ಆಪರೇಷನ್ ಆದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು. ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಕೊಟ್ಟು, ಆಹಾರ ಸರಿಮಾಡಿದರೆ ಬೆಕ್ಕು ವರ್ಷಗಟ್ಟಲೆ ಆರಾಮವಾಗಿ ಇರುತ್ತದೆ. ಬೇಗ ಚಿಕಿತ್ಸೆ ಶುರುವಾದ ಕೆಲವು ಬೆಕ್ಕುಗಳಿಗೆ ಕ್ರಮೇಣ ಇನ್ಸುಲಿನ್ ಬೇಡವಾಗುವುದೂ ಉಂಟು.

ತೊಡಕು ಶುರುವಾಗುವುದು ಅದೇ ಬೆಕ್ಕಿಗೆ ಮೇದೋಜೀರಕ ಗ್ರಂಥಿಯ ಉರಿಯೂತ, ಅಂದರೆ ಪ್ಯಾಂಕ್ರಿಯಾಟೈಟಿಸ್ ಜತೆಗೂಡಿದಾಗ. ನಿನ್ನೆ ತಟ್ಟೆ ನೆಕ್ಕಿದ ಬೆಕ್ಕು ಇವತ್ತು ಮೂಸಿ ನೋಡಿ ಹೋಗಿ ಮೂಲೆಯಲ್ಲಿ ಮಲಗುತ್ತದೆ. ಇಂಜೆಕ್ಷನ್ ಹೊತ್ತಾಗಿದೆ. ಕೊಡ್ಲೋ ಬೇಡ್ವೋ? ಎಂದಿನಷ್ಟೇ ಕೊಟ್ಟರೆ ರಕ್ತದ ಸಕ್ಕರೆ ಕುಸಿದು ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ. ದಿನಗಟ್ಟಲೆ ನಿಲ್ಲಿಸಿದರೆ ರಕ್ತ ಆಮ್ಲೀಯವಾಗಿ ಬೇರೆ ಬಗೆಯ ಅಪಾಯ. ಗಡಿಯ ಈ ಕಡೆಯ ಮನೆಗಳಿಗೆ ಇನ್ನೊಂದು ಕಷ್ಟವೂ ಸೇರುತ್ತದೆ: ಡಾಕ್ಟರು ಒಂದು ರಾಜ್ಯದಲ್ಲಿ, ಮೆಡಿಕಲ್ ಶಾಪ್ ಇನ್ನೊಂದರಲ್ಲಿ, ಚೀಟಿ ಮೂರನೇ ಭಾಷೆಯಲ್ಲಿ.

ಒಂದೇ ಗ್ರಂಥಿ, ಎರಡು ಕೆಲಸ

ಮೇದೋಜೀರಕ ಹೊಟ್ಟೆಯ ಒಳಗೆ ಜಠರದ ಹತ್ತಿರ ಇರುವ ಸಣ್ಣ ಗ್ರಂಥಿ. ಅದಕ್ಕೆ ಎರಡು ಕೆಲಸ. ತಿಂದದ್ದನ್ನು ಜೀರ್ಣಿಸುವ ರಸವನ್ನು ಕರುಳಿಗೆ ಬಿಡುವುದು ಒಂದು, ಇನ್ಸುಲಿನ್ ತಯಾರಿಸಿ ರಕ್ತಕ್ಕೆ ಬಿಡುವುದು ಇನ್ನೊಂದು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ಇಬ್ಬರು ವಿಜ್ಞಾನಿಗಳು ನಾಯಿಯೊಂದರ ಈ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. ಕಾಯಿಲೆಯ ಬೇರು ಎಲ್ಲಿದೆ ಎಂದು ಗೊತ್ತಾದದ್ದು ಹಾಗೆ. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದ್ದೂ ನಾಯಿಗಳ ಮೇಲಿನ ಪ್ರಯೋಗದಿಂದಲೇ.

ಈ ಗ್ರಂಥಿಗೆ ಮೃಗಾಸ್ಪತ್ರೆಯಲ್ಲಿ ಕೇಳಿಬರುವ ಹೆಸರು ಊರಿಗೊಂದು. ಕಾಸರಗೋಡು, ವಯನಾಡಿನಲ್ಲಿ ‘ಆಗ್ನೇಯ ಗ್ರಂಥಿ’. ಹೊಸೂರು, ತಾಳವಾಡಿಯಲ್ಲಿ ‘ಕಣೈಯಂ’. ಸೊಲ್ಲಾಪುರ, ಜತ್ತದಲ್ಲಿ ‘ಸ್ವಾದುಪಿಂಡ’. ಆದೋನಿ, ರಾಯದುರ್ಗದಲ್ಲಿ ‘ಕ್ಲೋಮ’. ಎಲ್ಲವೂ ನಮ್ಮ ಮೇದೋಜೀರಕವೇ. ‘ಪ್ಯಾಂಕ್ರಿಯಾಸ್’ ಎಂದರೆ ಎಲ್ಲ ಕಡೆಯೂ ಅರ್ಥವಾಗುತ್ತದೆ.

ಬೆಕ್ಕಿನ ದೇಹದಲ್ಲಿ ಮೇದೋಜೀರಕದ ನಾಳವೂ ಪಿತ್ತನಾಳವೂ ಕರುಳಿಗೆ ಸೇರುವ ಮುಂಚೆ ಒಂದಾಗುತ್ತವೆ. ಹಾಗಾಗಿ ಮೇದೋಜೀರಕ, ಯಕೃತ್ತು, ಕರುಳು ಮೂರಕ್ಕೂ ಒಟ್ಟಿಗೆ ಉರಿಯೂತ ಬರುವುದು ಬೆಕ್ಕುಗಳಲ್ಲಿ ಅಪರೂಪವಲ್ಲ. ಗ್ರಂಥಿ ಊದಿಕೊಂಡಾಗ ಇನ್ಸುಲಿನ್ ತಯಾರಿ ಕುಗ್ಗುತ್ತದೆ. ಚುಚ್ಚಿದ ಇನ್ಸುಲಿನ್ ಕೂಡ ಮೈಗೆ ಸರಿಯಾಗಿ ಹಿಡಿಯುವುದಿಲ್ಲ, ಸಕ್ಕರೆ ಏರುತ್ತದೆ. ವಾರದ ಮೇಲೆ ಊತ ಇಳಿದಾಗ ಅದೇ ಪ್ರಮಾಣ ಹೆಚ್ಚಾಗಿ ಸಕ್ಕರೆ ಕುಸಿಯುತ್ತದೆ. ಬರೀ ಸಕ್ಕರೆ ಕಾಯಿಲೆಯ ಬೆಕ್ಕಿಗೆ ತಿಂಗಳುಗಟ್ಟಲೆ ಒಂದೇ ಲೆಕ್ಕ ನಡೆದೀತು. ಇಂಥ ಬೆಕ್ಕಿಗೆ ನಡೆಯುವುದಿಲ್ಲ.

ಹೊಟ್ಟೆನೋವು ಹೇಳದ ಪ್ರಾಣಿ

ನಾಯಿಗೆ ಈ ಉರಿಯೂತ ಬಂದರೆ ವಾಂತಿ, ಹೊಟ್ಟೆನೋವು ಎದ್ದು ಕಾಣುತ್ತದೆ. ಬೆಕ್ಕು ನೋವನ್ನು ಅಡಗಿಸುವ ಪ್ರಾಣಿ. ಹೆಚ್ಚಿನ ಬೆಕ್ಕುಗಳಲ್ಲಿ ಕಾಣುವುದು ಎರಡೇ: ಮಂಕು, ಊಟ ಬಿಡುವುದು. ವಾಂತಿ ಆಗಲೇಬೇಕೆಂದಿಲ್ಲ. ‘ಸೆಕೆಗೆ ಹಾಗೆ ಮಲಗಿದೆ’ ಎಂದುಕೊಂಡು ಮನೆಯವರು ಎರಡು ದಿನ ಸುಮ್ಮನಿರುವುದು ಇದರಿಂದಲೇ.

ಸಕ್ಕರೆ ಕಾಯಿಲೆಯ ಗುರುತುಗಳು ಮಾತ್ರ ಸ್ಪಷ್ಟ. ನೀರು ಕುಡಿಯುವುದು ಜಾಸ್ತಿ, ಮೂತ್ರ ಜಾಸ್ತಿ, ತಿಂದರೂ ಮೈ ಇಳಿಯುತ್ತದೆ. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯತೊಡಗುತ್ತವೆ. ಅದು ಕಾಲುನೋವೂ ಅಲ್ಲ, ಬಿದ್ದದ್ದೂ ಅಲ್ಲ, ಹೆಚ್ಚಿದ ಸಕ್ಕರೆಯಿಂದ ನರ ಸೋತದ್ದು. ಸಕ್ಕರೆ ಹತೋಟಿಗೆ ಬಂದರೆ ನಡಿಗೆ ಬಹುಮಟ್ಟಿಗೆ ಸುಧಾರಿಸಬಹುದು.

ಮೇದೋಜೀರಕದ ಉರಿಯೂತ ಪತ್ತೆಗೆ ಬೆಕ್ಕಿಗಾಗಿಯೇ ಇರುವ ಲೈಪೇಸ್ ರಕ್ತಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಇವೆ. ಎರಡನ್ನೂ ಲಕ್ಷಣಗಳ ಜತೆ ಸೇರಿಸಿ ನೋಡಿಯೇ ಡಾಕ್ಟರು ತೀರ್ಮಾನಕ್ಕೆ ಬರುತ್ತಾರೆ.

ಊಟ ಬಿಟ್ಟ ಹೊತ್ತಿನ ಲೆಕ್ಕ

ಇನ್ಸುಲಿನ್ ಬರೆದುಕೊಟ್ಟ ದಿನವೇ ಡಾಕ್ಟರಲ್ಲಿ ಕೇಳಿ ಬರೆಸಿಕೊಳ್ಳಬೇಕಾದ ಮಾತೊಂದಿದೆ: ‘ಪೂರ್ತಿ ತಿಂದರೆ ಎಷ್ಟು, ಅರ್ಧ ತಿಂದರೆ ಎಷ್ಟು, ಏನೂ ತಿನ್ನದಿದ್ದರೆ ಎಷ್ಟು?’ ಈ ಮೂರು ಸಾಲು ಕೈಯಲ್ಲಿದ್ದರೆ ರಾತ್ರಿ ಹೊತ್ತು ಗಾಬರಿಯಾಗುವುದು ತಪ್ಪುತ್ತದೆ. ಪ್ರತಿ ಬೆಕ್ಕಿನ ಲೆಕ್ಕ ಬೇರೆ. ಆದರೂ ಪಶುವೈದ್ಯರು ಸಾಮಾನ್ಯವಾಗಿ ಅನುಸರಿಸುವ ರೀತಿ ಹೀಗಿದೆ:

ಮೊದಲು ಊಟ, ಆಮೇಲೆ ಇಂಜೆಕ್ಷನ್. ಬೆಕ್ಕು ಎಂದಿನಂತೆ ತಿಂದು, ಸಕ್ಕರೆಯೂ ಎಂದಿನ ಮಟ್ಟದಲ್ಲಿದ್ದರೆ ಎಂದಿನ ಪ್ರಮಾಣ. ಅರ್ಧಂಬರ್ಧ ತಿಂದಿದ್ದರೆ ಸಕ್ಕರೆ ಅಳೆದು, ಡಾಕ್ಟರು ಹೇಳಿದಂತೆ ಕಡಿಮೆ ಪ್ರಮಾಣ. ಏನೂ ತಿಂದಿಲ್ಲ ಅಥವಾ ವಾಂತಿ ಆಗುತ್ತಿದೆ, ಸಕ್ಕರೆ ಕಡಿಮೆ ಇದೆ ಅಥವಾ ಅಳೆಯಲು ಆಗುವುದೇ ಇಲ್ಲ ಎಂದಾದರೆ ಆ ಹೊತ್ತಿನ ಇಂಜೆಕ್ಷನ್ ಬಿಟ್ಟು ಡಾಕ್ಟರಿಗೆ ಫೋನ್ ಮಾಡಬೇಕು. ತಿಂದಿಲ್ಲ, ಆದರೆ ಸಕ್ಕರೆ ಬಹಳ ಏರಿದೆ ಎಂದಾದರೆ ಕಡಿಮೆ ಪ್ರಮಾಣ ಕೊಡಲು ಡಾಕ್ಟರು ಹೇಳಬಹುದು. ಅದನ್ನು ಮನೆಯವರೇ ತೀರ್ಮಾನಿಸುವುದು ಬೇಡ.

ಒಂದು ಹೊತ್ತು ತಪ್ಪಿದರೆ ಸಾಮಾನ್ಯವಾಗಿ ದೊಡ್ಡ ಹಾನಿ ಆಗುವುದಿಲ್ಲ. ಎರಡು ಸಲ ಕೊಟ್ಟರೆ ಆಗುತ್ತದೆ. ಸೂಜಿ ಚುಚ್ಚಿದಾಗ ಬೆಕ್ಕು ಕೊಸರಿ ಓಡಿತು, ಒಳಗೆ ಹೋಯಿತೋ ರೋಮಕ್ಕೆ ಚೆಲ್ಲಿತೋ ಗೊತ್ತಾಗಲಿಲ್ಲ ಎಂದರೆ ಮತ್ತೆ ಚುಚ್ಚಬಾರದು. ಮುಂದಿನ ಹೊತ್ತಿಗೆ ಕಾಯಬೇಕು. ‘ಅಮ್ಮ ಕೊಟ್ಟಿರಲಿಕ್ಕಿಲ್ಲ’ ಎಂದು ಮಗ ಇನ್ನೊಮ್ಮೆ ಕೊಡುವ ಪ್ರಮಾದ ತಪ್ಪಿಸಲು ಕೊಟ್ಟವರು ಕೂಡಲೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕುವುದು ಒಳ್ಳೆಯದು.

ಹಾಗೆಂದು ದಿನಗಟ್ಟಲೆ ಇನ್ಸುಲಿನ್ ನಿಲ್ಲಿಸುವಂತೆಯೂ ಇಲ್ಲ. ಇನ್ಸುಲಿನ್ ಇಲ್ಲದ ಮೈ ಕೊಬ್ಬನ್ನು ಕರಗಿಸಿ ಉರಿಸುತ್ತದೆ, ಕೀಟೋನ್ ಎಂಬ ಆಮ್ಲೀಯ ವಸ್ತು ರಕ್ತದಲ್ಲಿ ತುಂಬುತ್ತದೆ. ಇದಕ್ಕೆ ಕೀಟೋಆಸಿಡೋಸಿಸ್ ಎಂದು ಹೆಸರು. ಮೇದೋಜೀರಕದ ಉರಿಯೂತ ಇದಕ್ಕೆ ದಾರಿ ಮಾಡಿಕೊಡುವ ಮುಖ್ಯ ಕಾರಣಗಳಲ್ಲಿ ಒಂದು. ತೀರಾ ನಿಶ್ಶಕ್ತಿ, ಬಿಡದ ವಾಂತಿ, ಜೋರು ಉಸಿರು, ಬಾಯಿಂದ ಹಣ್ಣಿನಂಥ ವಾಸನೆ ಇದರ ಗುರುತು. ಮೂತ್ರದಲ್ಲಿ ಕೀಟೋನ್ ತೋರಿಸುವ ಪಟ್ಟಿ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಬಣ್ಣ ಬದಲಾದರೆ, ಅಥವಾ ಬೆಕ್ಕು ಒಂದು ಇಡೀ ದಿನ ಏನೂ ತಿನ್ನದಿದ್ದರೆ, ಮನೆಮದ್ದಿಗೆ ನಿಲ್ಲದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ನೋವಿಗೆ ಔಷಧ ಕೊಟ್ಟು, ಬೇಗ ಕೆಲಸ ಮಾಡುವ ಇನ್ಸುಲಿನ್‌ನಿಂದ ಸಕ್ಕರೆ ಇಳಿಸುತ್ತಾರೆ.

ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಅಜ್ಜನಿಗೂ ಇನ್ಸುಲಿನ್, ಬೆಕ್ಕಿಗೂ ಇನ್ಸುಲಿನ್ ಇರುವ ಮನೆಯಲ್ಲಿ ಅತ್ಯಂತ ಎಚ್ಚರ ಬೇಕಾದದ್ದು ಸಿರಿಂಜಿನ ವಿಷಯದಲ್ಲಿ. ನಮ್ಮ ದೇಶದಲ್ಲಿ ಮುಖ್ಯವಾಗಿ ಎರಡು ಗಾಢತೆಯ ಇನ್ಸುಲಿನ್ ಮಾರಾಟವಾಗುತ್ತದೆ. ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು ಯು-40, ಅದರ ಸಿರಿಂಜಿಗೆ ಕೆಂಪು ಮುಚ್ಚಳ. 100 ಯೂನಿಟ್ ಇರುವುದು ಯು-100, ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ವಯಸ್ಸಾದವರು ಬಾಟಲಿಯಿಂದ ತೆಗೆದುಕೊಳ್ಳುವ 30/70 ಮಿಶ್ರ ಇನ್ಸುಲಿನ್ ಹೆಚ್ಚಾಗಿ ಯು-40. ಬೆಕ್ಕಿಗೆ ಪಶುವೈದ್ಯರು ಹೆಚ್ಚಾಗಿ ಬರೆಯುವ ಗ್ಲಾರ್ಜಿನ್ ಯು-100. ಪ್ರಾಣಿಗಳಿಗಾಗಿಯೇ ತಯಾರಾಗುವ ಕ್ಯಾನಿನ್ಸುಲಿನ್ ಮತ್ತೆ ಯು-40.

ಯು-100 ಗ್ಲಾರ್ಜಿನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ‘ಒಂದು’ ಗೆರೆಗೆ ಎಳೆದರೆ ಒಳಗೆ ಬರುವುದು ಒಂದಲ್ಲ, ಎರಡೂವರೆ ಯೂನಿಟ್. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ಡಾಕ್ಟರು ಒಂದು ಯೂನಿಟ್ ಆಸುಪಾಸಿನಲ್ಲಿ ಶುರು ಮಾಡುತ್ತಾರೆ. ಊಟ ಬಿಟ್ಟ ಬೆಕ್ಕಿಗೆ ಅದರ ಎರಡೂವರೆ ಪಾಲು ಹೋದರೆ ಏನಾದೀತು ಎಂಬುದನ್ನು ವಿವರಿಸಬೇಕಿಲ್ಲ. ತಿರುಗುಮುರುಗಾದರೆ, ಅಂದರೆ ಯು-40 ಇನ್ಸುಲಿನನ್ನು ಕಿತ್ತಳೆ ಮುಚ್ಚಳದ್ದರಲ್ಲಿ ಎಳೆದರೆ, ಒಂದು ಯೂನಿಟ್ ಬದಲು 0.4 ಮಾತ್ರ ಹೋಗುತ್ತದೆ, ಸಕ್ಕರೆ ಇಳಿಯುವುದೇ ಇಲ್ಲ.

ಮಂಗಳೂರಿನಲ್ಲಿ ಬರೆದ ಚೀಟಿ ಹಿಡಿದು ಕುಂಬಳೆಯಲ್ಲಿ ಔಷಧ ಕೊಳ್ಳುವಾಗ, ಬಳ್ಳಾರಿಯಲ್ಲಿ ಬರೆದದ್ದನ್ನು ಆದೋನಿಯಲ್ಲಿ ಕೊಳ್ಳುವಾಗ ಅಂಗಡಿಯವರು ಇದ್ದ ಸಿರಿಂಜು ಕೊಟ್ಟುಬಿಡಬಹುದು. ಚೀಟಿಯಲ್ಲಿ ಇನ್ಸುಲಿನ್ ಹೆಸರಿನ ಜತೆ ‘ಯು-100’ ಅಥವಾ ‘ಯು-40’ ಎಂದೂ, ಸಿರಿಂಜು ಯಾವುದೆಂದೂ ಬರೆಸಿಕೊಳ್ಳಬೇಕು. ಬಾಟಲಿ ಮೇಲಿನ ಅಂಕೆ, ಸಿರಿಂಜಿನ ಮೇಲಿನ ಅಂಕೆ ಎರಡೂ ಒಂದೇ ಇದ್ದರೆ ಮಾತ್ರ ಉಪಯೋಗಿಸಬೇಕು. ಅರ್ಧ ಯೂನಿಟ್ ಗೆರೆ ಇರುವ 0.3 ಮಿಲಿಲೀಟರಿನ ಸಿರಿಂಜು ಸಿಕ್ಕಿದರೆ ಬೆಕ್ಕಿಗೆ ಅನುಕೂಲ. ಅಜ್ಜನ ಇನ್ಸುಲಿನ್ ಬೇರೆ ಡಬ್ಬಿಯಲ್ಲಿ, ಬೆಕ್ಕಿನದು ಬೇರೆ ಡಬ್ಬಿಯಲ್ಲಿ ಇರಲಿ. ಬೆಕ್ಕಿನದು ಮುಗಿಯಿತೆಂದು ಅಜ್ಜನದನ್ನು ಕೊಡುವುದು ಬೇಡವೇ ಬೇಡ.

ಮನುಷ್ಯರ ಇನ್ಸುಲಿನ್ ಬೆಕ್ಕಿಗೆ ಹಿಡಿಯುತ್ತದಾ ಎಂಬ ಸಂಶಯ ಹಲವರಿಗೆ. ಇನ್ಸುಲಿನ್ 51 ಅಮೈನೋ ಆಮ್ಲಗಳ ಸರಪಳಿ. ಬೆಕ್ಕಿನದಕ್ಕೂ ಮನುಷ್ಯನದಕ್ಕೂ ವ್ಯತ್ಯಾಸ ನಾಲ್ಕರಲ್ಲಿ ಮಾತ್ರ. ಹಾಗಾಗಿ ಹಿಡಿಯುತ್ತದೆ.

ಕಿವಿಯ ಅಂಚಿನ ಒಂದು ಹನಿ

ಬಸ್ಸಿನಲ್ಲಿ, ಆಟೋದಲ್ಲಿ ಬುಟ್ಟಿಯೊಳಗೆ ಕೂತು ಆಸ್ಪತ್ರೆಗೆ ಬಂದ ಬೆಕ್ಕಿನ ಸಕ್ಕರೆ ಹೆದರಿಕೆಗೇ 300 ದಾಟಬಹುದು. ಆರೋಗ್ಯವಂತ ಬೆಕ್ಕಿಗೂ ಹೀಗಾಗುತ್ತದೆ. ಅದೊಂದನ್ನೇ ನಂಬಿ ಪ್ರಮಾಣ ಏರಿಸಿದರೆ ಮನೆಗೆ ಬಂದ ಮೇಲೆ ಕುಸಿತ. ಮನೆಯಲ್ಲಿ ಅಳೆದ ಅಂಕೆಗೆ ಬೆಲೆ ಹೆಚ್ಚು. ಹಿಂದಿನ ಒಂದೆರಡು ವಾರಗಳ ಸರಾಸರಿ ತಿಳಿಯಲು ಫ್ರಕ್ಟೋಸಮೈನ್ ಎಂಬ ರಕ್ತಪರೀಕ್ಷೆಯೂ ಇದೆ.

ಅಜ್ಜನ ಗ್ಲುಕೋಮೀಟರಿನಲ್ಲೇ ಬೆಕ್ಕಿನದನ್ನೂ ನೋಡಬಹುದು. ಕಿವಿಯನ್ನು ಬೆಚ್ಚಗಿನ ಬಟ್ಟೆಯಿಂದ ಒತ್ತಿ, ಅಂಚಿನಲ್ಲಿ ಚುಚ್ಚಿದರೆ ಒಂದು ಹನಿ ಬರುತ್ತದೆ. ಮನುಷ್ಯರ ಮೀಟರು ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಯಾವ ಮೀಟರು ಎಂದು ಡಾಕ್ಟರಿಗೆ ಹೇಳಿ, ಯಾವಾಗಲೂ ಅದನ್ನೇ ಬಳಸಬೇಕು. ಪ್ರಮಾಣ ಸರಿಯಿದೆಯೇ ಎಂದು ನೋಡಲು ತಿಂಗಳಲ್ಲಿ ಒಂದು ದಿನ ಎರಡು-ಮೂರು ಗಂಟೆಗೊಮ್ಮೆ, ಹನ್ನೆರಡು ಗಂಟೆ ಕಾಲ ಅಳೆದು ಬರೆಯಲು ಹೇಳುವುದುಂಟು. ದಿನದ ಹೆಚ್ಚಿನ ಹೊತ್ತು 100ರಿಂದ 300ರ ನಡುವೆ ಇದ್ದರೆ ಸಾಮಾನ್ಯವಾಗಿ ಸಾಕೆನ್ನುತ್ತಾರೆ. ಉರಿಯೂತದ ಬೆಕ್ಕಿನಲ್ಲಿ ಅಂಕೆಯನ್ನು ಮನುಷ್ಯರಂತೆ ತೀರಾ ಕೆಳಗೆ ತರುವ ಆತುರ ಒಳ್ಳೆಯದಲ್ಲ.

60ಕ್ಕಿಂತ ಕೆಳಗೆ ಇಳಿದರೆ ಅಪಾಯ. ಬೆಕ್ಕು ತೂರಾಡುತ್ತದೆ, ನಡುಗುತ್ತದೆ, ಕರೆದರೆ ಗುರುತು ಸಿಗದಂತೆ ನೋಡುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. ಎಚ್ಚರವಿದ್ದರೆ ಕೂಡಲೇ ತಿನ್ನಿಸಬೇಕು. ತಿನ್ನದಿದ್ದರೆ ಜೇನುತುಪ್ಪ ಅಥವಾ ಸಕ್ಕರೆ ಪಾಕವನ್ನು ವಸಡಿಗೆ ಸವರಬೇಕು. ಫಿಟ್ಸ್ ಬರುತ್ತಿರುವಾಗ ಬಾಯಿಗೆ ಹೊಯ್ಯಬಾರದು, ಉಸಿರ್ನಾಳಕ್ಕೆ ಹೋದೀತು. ಚೇತರಿಸಿದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಚುಚ್ಚಿದ ಇನ್ಸುಲಿನ್ ಇನ್ನೂ ಮೈಯಲ್ಲಿರುತ್ತದೆ, ಸಕ್ಕರೆ ಮತ್ತೆ ಇಳಿಯಬಹುದು.

ಪಥ್ಯವೆಂದು ಉಪವಾಸ ಬೇಡ

‘ಹೊಟ್ಟೆ ಕೆಟ್ಟಿದೆ, ಎರಡು ದಿನ ಲಂಘನ ಹಾಕುವ’ ಎಂಬ ಹಳೆಯ ಕ್ರಮ ಬೆಕ್ಕಿಗೆ ಆಗಿಬರುವುದಿಲ್ಲ. ಕೆಲವು ದಿನ ಊಟವಿಲ್ಲದ ಬೆಕ್ಕಿಗೆ, ಅದರಲ್ಲೂ ದಪ್ಪನೆಯದಕ್ಕೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಕಾಮಾಲೆಯಾಗುತ್ತದೆ. ಸಕ್ಕರೆ, ಮೇದೋಜೀರಕದ ಜತೆ ಮೂರನೇ ಕಾಯಿಲೆ. ಆದ್ದರಿಂದ ಉರಿಯೂತವಿದ್ದರೂ ಬೆಕ್ಕನ್ನು ತಿನ್ನಿಸಬೇಕು. ಆಹಾರ ಸ್ವಲ್ಪ ಬೆಚ್ಚಗೆ ಮಾಡಿದರೆ ವಾಸನೆಗೆ ಬರುತ್ತದೆ. ಹಸಿವು ಹುಟ್ಟಿಸುವ, ವಾಂತಿ ನಿಲ್ಲಿಸುವ ಔಷಧಗಳು ಈಗ ಇವೆ. ಹಿಡಿದು ಬಾಯಿಗೆ ತುರುಕಿದರೆ ಆ ಆಹಾರದ ಮೇಲೆಯೇ ಬೆಕ್ಕಿಗೆ ಹೇಸಿಗೆ ಹುಟ್ಟುತ್ತದೆ. ತೀರಾ ತಿನ್ನದಿದ್ದರೆ ಕುತ್ತಿಗೆಯಲ್ಲಿ ನಳಿಕೆ ಹಾಕಿ ಉಣಿಸುವ ಪದ್ಧತಿಯುಂಟು. ನೋಡಲು ಬೇಜಾರೆನಿಸಿದರೂ ಬೆಕ್ಕು ಅದಕ್ಕೆ ಬೇಗ ಒಗ್ಗುತ್ತದೆ.

ಬೆಕ್ಕು ಮಾಂಸಾಹಾರಿ. ಹಾಲನ್ನ, ಮೊಸರನ್ನ, ಗಂಜಿ ಅದರ ಸಕ್ಕರೆಯನ್ನು ಏರಿಸುತ್ತವೆ. ಅಂಗಡಿಯ ಒಣ ಕಾಳುಗಳಲ್ಲೂ ಪಿಷ್ಟ ಜಾಸ್ತಿ. ಪಿಷ್ಟ ಕಡಿಮೆ ಇರುವ ಹಸಿ ಪ್ಯಾಕೆಟ್ ಆಹಾರ, ಉಪ್ಪು-ಖಾರ ಹಾಕದೆ ಬೇಯಿಸಿದ ಕೋಳಿ ಅಥವಾ ಮುಳ್ಳು ಬಿಡಿಸಿದ ಮೀನು ಹೊಂದುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಸಾರಿನ ಮೀನು ಬೇಡ. ಮನೆಯಲ್ಲಿ ಮೀನು-ಮಾಂಸ ತರದವರು ಪ್ಯಾಕೆಟ್ ಆಹಾರವನ್ನೇ ನೆಚ್ಚಬೇಕು. ಆಹಾರ ಬದಲಿಸಿದರೆ ಇನ್ಸುಲಿನ್ ಲೆಕ್ಕವೂ ಬದಲಾಗುತ್ತದೆ, ಡಾಕ್ಟರಿಗೆ ತಿಳಿಸದೆ ಬದಲಿಸಬಾರದು.

ನೋವಿಗೆಂದು ಮನೆಯ ಪ್ಯಾರಸಿಟಮಾಲ್ ಕೊಡುವುದಂತೂ ಮಾಡಲೇಬಾರದ ಕೆಲಸ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಕರುಳಿನ ಉರಿಯೂತಕ್ಕೆ ಡಾಕ್ಟರು ಸ್ಟಿರಾಯ್ಡ್ ಬರೆದರೆ ಸಕ್ಕರೆ ಏರುತ್ತದೆ, ಬೆಕ್ಕು ಇನ್ಸುಲಿನ್ ಮೇಲಿದೆ ಎಂದು ಅವರಿಗೆ ನೆನಪಿಸಬೇಕು. ಇನ್ಸುಲಿನ್ ಬದಲು ಬಾಯಿಗೆ ಕೊಡುವ ಔಷಧಗಳಿಗೆ ಅಮೆರಿಕದಲ್ಲಿ 2022ರ ಕೊನೆಯಿಂದ ಒಪ್ಪಿಗೆ ಸಿಕ್ಕಿದೆ. ಊಟ ಬಿಟ್ಟ, ಮೇದೋಜೀರಕ ಊದಿದ ಬೆಕ್ಕಿಗೆ ಅವು ತಕ್ಕುದಲ್ಲ.

ಕರೆಂಟು, ಹರತಾಳ, ಗಡಿ

ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಫ್ರೀಜರಿನಲ್ಲಿ ಇಟ್ಟು ಹೆಪ್ಪುಗಟ್ಟಿದರೆ ಎಸೆಯಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯದೆ ಇಡುವುದು, ಹೆಚ್ಚು ಹೊತ್ತಾದರೆ ಬಟ್ಟೆ ಸುತ್ತಿ ನೀರಿನ ಮಡಕೆಯ ಪಕ್ಕ ತಂಪಾಗಿ ಇಡುವುದು ದಾರಿ. ಪ್ರಯಾಣದಲ್ಲಿ ಐಸ್‌ಗೆ ನೇರ ತಾಗಬಾರದು. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು, ಮಬ್ಬಾದರೆ ಉಪಯೋಗಿಸಬಾರದು. 3 ಮಿಲಿಲೀಟರಿನ ಕಾರ್ಟ್ರಿಜ್ಜಿನಲ್ಲಿ 300 ಯೂನಿಟ್. ದಿನಕ್ಕೆ ಎರಡು ಯೂನಿಟ್ ಬಳಸುವ ಬೆಕ್ಕಿಗೆ ಲೇಬಲ್ಲಿನ 28 ದಿನಗಳಲ್ಲಿ ಖರ್ಚಾಗುವುದು 56 ಮಾತ್ರ. ಫ್ರಿಜ್ಜಿನಲ್ಲಿ ಇಟ್ಟರೆ ಆಮೇಲೂ ಎಷ್ಟು ದಿನ ಬಳಸಬಹುದು ಎಂದು ಡಾಕ್ಟರಲ್ಲೇ ಕೇಳಿ. ತೆರೆದ ದಿನಾಂಕವನ್ನು ಮೇಲೆ ಬರೆದಿಡಿ.

ಹರತಾಳದ ದಿನ ಬಸ್ಸಿಲ್ಲ, ಅಂಗಡಿಯಿಲ್ಲ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ಯಾರಿಗೂ ಮರೆತಿಲ್ಲ. ಇನ್ಸುಲಿನ್ ಒಂದು, ಸಿರಿಂಜು ಹತ್ತು ಮನೆಯಲ್ಲಿ ಹೆಚ್ಚುವರಿ ಇರಲಿ. ಗಡಿಯ ಎರಡೂ ಕಡೆ ಒಬ್ಬೊಬ್ಬ ಪಶುವೈದ್ಯರ ಪರಿಚಯವಿರಲಿ. ಬಳಸಿದ ಸೂಜಿಯನ್ನು ಪ್ಲಾಸ್ಟಿಕ್ ಕಸದ ಜತೆ ಹರಿತ ಕರ್ಮ ಸೇನೆಯ ಹೆಂಗಸರ ಕೈಗೆ ಕೊಡುವುದು ತಪ್ಪು. ಗಟ್ಟಿ ಬಾಟಲಿಯಲ್ಲಿ ತುಂಬಿ ಮುಚ್ಚಳ ಬಿಗಿದು ಆಸ್ಪತ್ರೆಗೆ ಒಪ್ಪಿಸಬೇಕು.

ಊರಿನ ಮೃಗಾಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಇಲ್ಲದಿದ್ದರೆ ಪಶುವೈದ್ಯ ಕಾಲೇಜುಗಳ ಆಸ್ಪತ್ರೆಗಳಿವೆ. ವಯನಾಡಿನವರಿಗೆ ಪೂಕೋಡು, ಹೊಸೂರಿನವರಿಗೆ ಬೆಂಗಳೂರಿನ ಹೆಬ್ಬಾಳ ಅಥವಾ ನಾಮಕ್ಕಲ್, ಪಶ್ಚಿಮ ತೆಲಂಗಾಣದವರಿಗೆ ಬೀದರ್. ಹೊರಡುವ ಮುಂಚೆ ಬೆಕ್ಕಿನ ಚಿಕಿತ್ಸೆ ಯಾವ ಹೊತ್ತಿಗೆ ಎಂದು ವಿಚಾರಿಸಿ ಹೋಗುವುದು ಲೇಸು.

ಫ್ರಿಜ್ಜಿನ ಮೇಲೆ ಅಂಟಿಸಿಡಿ

* ಇನ್ಸುಲಿನ್ ಹೆಸರು, ಯು-40 ಅಥವಾ ಯು-100, ಸಿರಿಂಜಿನ ಮುಚ್ಚಳದ ಬಣ್ಣ
* ಪೂರ್ತಿ, ಅರ್ಧ, ಏನೂ ಇಲ್ಲ: ಮೂರು ಬಗೆಯ ಊಟಕ್ಕೆ ಡಾಕ್ಟರು ಹೇಳಿದ ಮೂರು ಪ್ರಮಾಣ
* ದಿನಾಂಕ, ಹೊತ್ತು, ತಿಂದದ್ದು, ಸಕ್ಕರೆಯ ಅಂಕೆ, ಕೊಟ್ಟ ಯೂನಿಟ್, ಕೊಟ್ಟವರ ಹೆಸರು
* ವಾಂತಿ ಎಷ್ಟು ಸಲ, ವಾರಕ್ಕೊಮ್ಮೆ ತೂಕ
* ಗಡಿಯ ಎರಡೂ ಕಡೆಯ ಡಾಕ್ಟರುಗಳ ಫೋನ್ ನಂಬರು

ಅಂಕೆಗಳನ್ನು ಕನ್ನಡದಲ್ಲಿ ಬರೆಯುವ ಅಭ್ಯಾಸವಿದ್ದರೂ ಈ ಹಾಳೆಯಲ್ಲಿ ಇಂಗ್ಲಿಷ್ ಅಂಕೆಯಲ್ಲೇ ಬರೆಯಿರಿ. ಯಾವ ರಾಜ್ಯದ ಡಾಕ್ಟರ ಮೇಜಿನ ಮೇಲಿಟ್ಟರೂ ಅವರು ಅದನ್ನು ಓದಿ ಮುಂದಿನ ಪ್ರಮಾಣ ಹೇಳುವಂತಿರಬೇಕು.